ಹನ್ನೆರಡು ಮನೆಗಳ ಆಟದ ಬಯಲು

ನಿಯಮ ಹೇಳುವುದು ಇಷ್ಟೇ: ನೂರು ಮನೆ ಕಟ್ಟುವವನು ಹನ್ನೆರಡನ್ನು ಬಡವರಿಗೆ ಅಗ್ಗದ ಬಾಡಿಗೆಗೆ ಕೊಡಬೇಕು, ಮಕ್ಕಳಿಗೊಂದು ಆಟದ ಬಯಲು ಬಿಡಬೇಕು. ಎರಡನ್ನೂ ನೋಡಿ ನಗರ ಯೋಜನಾ ಕಚೇರಿಯ ಇಂಜಿನಿಯರಮ್ಮ ಸಹಿ ಹಾಕಿದ ಮೇಲೆಯೇ ಯಾರಾದರೂ ಒಳಗೆ ಕಾಲಿಡುವುದು. ಬಿಲ್ಡರ್ ಎರಡನ್ನೂ ಮಾಡಿದ್ದ. ಹನ್ನೆರಡು ಮನೆ ಹಿಂದಿನ ಓಣಿಗೆ, ಬಯಲು ಅವುಗಳ ಕಿಟಕಿಯ ಕೆಳಗೆ. ನಿಯಮ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವ ಆಸಾಮಿ ಅವನು.

ಟೇಪು ಹಿಡಿದು ಬಯಲಿಗಿಳಿದ ಇಂಜಿನಿಯರಮ್ಮನಿಗೆ ಹುಲ್ಲು ಪ್ಲಾಸ್ಟಿಕ್ಕಿನದೆಂದು ತಿಳಿಯಿತು. ಹೋಗಲಿ ಎಂದುಕೊಂಡಳು. ಜೋಕಾಲಿಯ ಹತ್ತಿರ ಮೂಗಿಗೆ ಹೊಡೆದದ್ದನ್ನು ಮಾತ್ರ ಹೋಗಲಿ ಅನ್ನಲಾಗಲಿಲ್ಲ. ಹುಲ್ಲಿನ ಅಂಚು ಎತ್ತಿದಳು. ಕೆಳಗೆ ಕಾಂಕ್ರೀಟ್ ಮುಚ್ಚಳ, ಅದರ ಬಿರುಕಿನಲ್ಲಿ ಕಪ್ಪು ನೀರು ಜಿನುಗುತ್ತಿತ್ತು. ನೂರು ಮನೆಯ ಕಕ್ಕಸು ಗುಂಡಿಯ ಮೇಲೆ ಜೋಕಾಲಿ ನೆಟ್ಟಿದ್ದ, ಮಹಾನುಭಾವ.

"ಮೇಲೆ ಆಕಾಶ ಕಾಣುತ್ತಲ್ಲ ಮೇಡಂ. ಬಯಲು ಅಂದ್ರೆ ಅಷ್ಟೇ ತಾನೇ ನಿಯಮದಲ್ಲಿ?" ಅಂದ ಬಿಲ್ಡರ್, ಮೂಗಿಗೆ ಕರ್ಚೀಫು ಒತ್ತಿಕೊಂಡೇ.

"ನಿಮ್ಮ ಮೊಮ್ಮಕ್ಕಳನ್ನ ಇಲ್ಲಿ ಆಡೋಕೆ ಬಿಡ್ತೀರಾ?"

"ಅವರಿಗೆ ಮುಂದಿನ ಕಡೆ ಈಜುಕೊಳ ಇದೆ."

ಗುಂಡಿ ಬೇರೆಡೆಗೆ ಹೋಗುವವರೆಗೆ ಸಹಿ ಇಲ್ಲವೆಂದು ಅಲ್ಲೇ ನಿಂತು ಬರೆದಳು. ಹನ್ನೆರಡರಲ್ಲೊಂದು ಮನೆ ಚೀಟಿ ಎತ್ತಿದಾಗ ಅವಳ ಅತ್ತಿಗೆಗೆ ಬಂದಿತ್ತು. ಅಣ್ಣ ತೀರಿಕೊಂಡ ಮೇಲೆ ಏಳು ವರ್ಷ ಎರಡು ಮಕ್ಕಳ ಜೊತೆ ತಗಡಿನ ಕೋಣೆಯಲ್ಲಿ ಬೆಂದವಳು ಅತ್ತಿಗೆ. ಅದು ಗೊತ್ತಿದ್ದೇ ಬರೆದಳು.

ಮೂರನೇ ದಿನ ಅತ್ತಿಗೆ ಕಚೇರಿಗೆ ಬಂದಳು. ಮೇಜಿನ ಮೇಲೊಂದು ಕಾಗದ ಇಟ್ಟಳು. ಬಯಲಿನಲ್ಲಿ ಯಾವ ವಾಸನೆಯೂ ಇಲ್ಲ, ನಮ್ಮ ತಕರಾರಿಲ್ಲ ಎಂದು ಬಿಲ್ಡರನೇ ಟೈಪು ಮಾಡಿಸಿದ್ದ ಕಾಗದ. ಕೆಳಗೆ ಹನ್ನೆರಡು ಸಹಿ, ಮೊದಲನೆಯದು ಅತ್ತಿಗೆಯದು.

"ಅವನು ಕೋರ್ಟಿಗೆ ಹೋಗ್ತಾನಂತೆ ಕಣಮ್ಮ. ಹತ್ತು ವರ್ಷ ಎಳೀತಾನೆ. ಸಹಿ ಹಾಕಿಬಿಡು."

"ಮುಚ್ಚಳ ಬಿರುಕು ಬಿಟ್ಟಿದೆ ಅತ್ತಿಗೆ. ಮಗು ಒಳಗೆ ಬಿದ್ರೆ?"

"ಹೊರಗೆ ಬಿಡಲ್ಲ. ಕಿಟಕಿ ಹಾಕ್ಕೊಂಡಿರ್ತೀನಿ."

"ಆ ನಾತದಲ್ಲಿ ಹೇಗಿರ್ತೀರಿ?"

"ನಿನಗೆ ಮನೆ ಇದೆ. ಅದಕ್ಕೇ ನಿನಗೆ ನಾತ ಬರುತ್ತೆ."

ಇಂಜಿನಿಯರಮ್ಮ ಕಾಗದವನ್ನು ಹಿಂದಕ್ಕೆ ತಳ್ಳಿದಳು. ಅತ್ತಿಗೆ ಅದನ್ನು ಮಡಚಿಕೊಂಡು, ಹೋಗಿಬರ್ತೀನಿ ಎಂದೂ ಅನ್ನದೆ ಇಳಿದು ಹೋದಳು.

ಕೆಳಗೆ ರಸ್ತೆಯಲ್ಲಿ ಉಳಿದ ಹನ್ನೊಂದು ಮನೆಯವರೂ ಕಾದಿದ್ದರು. ನಡುವೆ ಬಿಲ್ಡರ್, ಒಬ್ಬೊಬ್ಬರಿಗೂ ನೀರಿನ ಬಾಟಲಿ ಕೊಡುತ್ತ, ಮನೆಯ ಹಿರಿಯನಂತೆ ಸಮಾಧಾನ ಹೇಳುತ್ತಿದ್ದ. ಅತ್ತಿಗೆ ಏನೋ ಹೇಳಿದಳು. ಎಲ್ಲರೂ ತಲೆಯೆತ್ತಿ ಇಂಜಿನಿಯರಮ್ಮನ ಕಿಟಕಿಯತ್ತ ನೋಡಿದರು.

ಮೊದಲು ಉಗಿದವಳು ಅತ್ತಿಗೆ.