ತಳದ ಗಂಟು

ನನ್ನ ಗಂಟಿಗೆ ಬೇರೆಯವರ ಕೈ ತಗುಲಿದರೆ ನನಗೆ ಗೊತ್ತಾಗದೆ ಇರುತ್ತದೆಯೇ? ಹನ್ನೆರಡು ವರ್ಷದಿಂದ ಈ ಮನೆಯ ಮುಂದಿನ ಕೋಣೆಯಲ್ಲಿ ಕೂತು ಹೂಕುಂಡ ತೂಗುಹಾಕುವ ಜೋಲಿ ಕಟ್ಟುತ್ತಿದ್ದೇನೆ. ಮ್ಯಾಕ್ರಮೆ ಅಂತ ಅಂಗಡಿಯವರು ಅದಕ್ಕೆ ದೊಡ್ಡ ಹೆಸರು ಇಟ್ಟಿದ್ದಾರೆ. ನಮಗೆ ಅದು ಜೋಲಿ, ಅಷ್ಟೇ. ಕುಂಡದ ಭಾರವೆಲ್ಲ ಬೀಳುವುದು ತಳದ ಗಂಟಿನ ಮೇಲೆ. ಎಂಟು ಎಳೆಗಳನ್ನೂ ಒಟ್ಟಿಗೆ ಹಿಡಿದು, ಇನ್ನೊಂದು ದಾರದಿಂದ ಬಿಗಿಯಾಗಿ ಸುತ್ತಿ, ತುದಿಯನ್ನು ಒಳಕ್ಕೆ ಜಗ್ಗಬೇಕು. ನಾನು ಎಡಚಿ. ನನ್ನ ಸುತ್ತು ಎಡಕ್ಕೆ ವಾಲುತ್ತದೆ, ಮಿಕ್ಕವರದೆಲ್ಲ ಬಲಕ್ಕೆ.

ಆ ಸೋಮವಾರ ಮೊಳೆಗೆ ನೇತುಹಾಕಿದ್ದ ನನ್ನ ಜೋಲಿಗಳಲ್ಲಿ ಒಂದರ ತಳದ ಗಂಟು ಬಲಕ್ಕೆ ವಾಲಿತ್ತು.

ಮನೆಯಲ್ಲಿ ಈ ಕೆಲಸ ಬಲ್ಲವರು ಇಬ್ಬರೇ, ನಾನು ಮತ್ತು ನನ್ನ ಓರಗಿತ್ತಿ. ಮೈದುನನ ಕೈ ಹಿಡಿದು ಬಂದಾಗ ಅವಳಿಗೆ ಶೂ ಲೇಸು ಬಿಟ್ಟರೆ ಬೇರೆ ಗಂಟು ಗೊತ್ತಿರಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದವಳು ನಾನು. ಈಗ ನನ್ನ ಜೋಲಿಯನ್ನೇ ಬಿಚ್ಚಿ ನೋಡುವಷ್ಟು ಬೆಳೆದಿದ್ದಾಳೆ. ಯಾಕೆ ಅಂತ ನನಗೇನು ತಿಳಿಯದೇ? ಒಂದು ಹೋಟೆಲಿಗೆ ನಲವತ್ತು ಜೋಲಿ ಬೇಕಂತೆ, ಎಲ್ಲ ಒಂದೇ ಥರ ಇರಬೇಕಂತೆ. ಅದಕ್ಕೆ ಗುರುವಾರ ಬಂದು ಇಬ್ಬರದ್ದೂ ನೋಡಿ ಒಬ್ಬರನ್ನು ಆರಿಸುತ್ತೇನೆ, ಇನ್ನು ಮುಂದೆ ಅಂಗಡಿಗೂ ಅವರದೇ ಖಾಯಂ, ಅಂತ ಗಿಡದಂಗಡಿಯವರು ಹೇಳಿದ್ದರು. ಹನ್ನೆರಡು ವರ್ಷದ ನನ್ನ ಜಾಗ ಅದು. ಸುಮ್ಮನೆ ಬಿಟ್ಟುಕೊಡೋಕೆ ನನಗೇನು ತಲೆ ಕೆಟ್ಟಿದೆಯೇ?

ಅವತ್ತಿನಿಂದ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕಾದೆ. ಮಧ್ಯಾಹ್ನ ನಾನು ಅಡ್ಡಾಗುತ್ತಲೇ ಮುಂದಿನ ಕೋಣೆಯ ಬಾಗಿಲು ಮೆಲ್ಲಗೆ ಮುಚ್ಚಿಕೊಳ್ಳುತ್ತಿತ್ತು. ಅಂಗಡಿಯವರ ಫೋನು ಬಂದರೆ ಹಿತ್ತಿಲಿಗೆ ಹೋಗಿ ಮಾತಾಡುತ್ತಿದ್ದಳು, ನನ್ನನ್ನು ಕಂಡರೆ ಮಾತು ಬದಲಾಯಿಸುತ್ತಿದ್ದಳು. ಎಡಗೈಯ ಎರಡು ಬೆರಳಿಗೆ ಪಟ್ಟಿ ಬೇರೆ. ಏನಾಯಿತೇ ಅಂದರೆ, ತರಕಾರಿ ಹೆಚ್ಚುವಾಗ ಚಾಕು ತಗುಲಿತು ಅಂದಳು. ವಾರಗಟ್ಟಲೆ ವಾಸಿಯಾಗದ ಗಾಯ ಮಾಡುವ ಅದು ಯಾವ ತರಕಾರಿಯಪ್ಪ!

ಎದುರಿಗೆ ಅಕ್ಕ ಅಕ್ಕ ಅಂತ ಸುತ್ತುವುದು, ಬೆನ್ನ ಹಿಂದೆ ಕಾಲೆಳೆಯುವುದು. ಮಳ್ಳಿ. ನನ್ನ ಮೈಯೆಲ್ಲ ಉರಿದುಹೋಯಿತು. ಗಂಡನ ಹತ್ತಿರ ಹೇಳಿಕೊಂಡರೆ, ದಾರದ ಗಂಟಿಗೆಲ್ಲ ಪೊಲೀಸರನ್ನು ಕರೆಸೋಣವೇ ಅಂತ ನಕ್ಕರು. ಈ ಗಂಡಸರಿಗೆ ಇದೆಲ್ಲ ಎಲ್ಲಿ ಅರ್ಥವಾಗಬೇಕು.

ಬುಧವಾರ ಹೊಸದಾಗಿ ಆರು ಜೋಲಿ ಕಟ್ಟಿ ಮುಗಿಸಿದೆ. ಹೆಬ್ಬೆರಳು ಜೋಮು ಹಿಡಿದಿತ್ತು. ಇತ್ತೀಚೆಗೆ ಅದು ಹಾಗೇ, ಸ್ವಲ್ಪ ತಿಕ್ಕಿಕೊಂಡರೆ ಸರಿಹೋಗುತ್ತದೆ. ಅವಳ ಕಣ್ಣೆದುರಿಗೇ ಆರನ್ನೂ ಬೀರುವಿನಲ್ಲಿಟ್ಟು ಬೀಗ ಹಾಕಿ, ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಅವಳ ಮುಖ ಬಿಳಿಚಿಕೊಂಡಿತು. ಒಂದು ಸಲ ನೋಡಿ ಕೊಡುತ್ತೇನೆ ಅಂದಳು. ಊಟಕ್ಕೆ ಬಡಿಸುತ್ತಾ ಮತ್ತೆ ಕೇಳಿದಳು, ಪಾತ್ರೆ ಒರೆಸುತ್ತಾ ಇನ್ನೊಂದು ಸಲ. ಸಿಕ್ಕಿಬಿದ್ದೆ ಕಣೇ ಅಂತ ಮನಸ್ಸಿನಲ್ಲೇ ಅಂದುಕೊಂಡೆ. ನಿಜ ಹೇಳುತ್ತೇನೆ, ನನಗೆ ಖುಷಿಯೇ ಆಯಿತು.

ಗುರುವಾರ ಅಂಗಡಿಯವರು ಬಂದಾಗ ಜೊತೆಗೆ ಹತ್ತು ಕಿಲೋ ಮರಳಿನ ಚೀಲ ತಂದಿದ್ದರು. ಹೋಟೆಲಿನಲ್ಲಿ ಕುಂಡ ಯಾರ ತಲೆಯ ಮೇಲೂ ಬೀಳಬಾರದು, ತೂಗಿ ನೋಡಿಯೇ ತೆಗೆದುಕೊಳ್ಳುವುದು ಅಂದರು. ನಾನೇ ಬೀಗ ತೆಗೆದು ಮೊದಲನೆಯದನ್ನು ಕೊಟ್ಟೆ. ಬಾಗಿಲ ಮೇಲಿನ ಕೊಕ್ಕೆಗೆ ಸಿಕ್ಕಿಸಿ ಚೀಲ ಇಟ್ಟರು. ತಳದ ಗಂಟು ಜಾರಿತು, ಎಳೆಗಳು ಬಿಡಿಬಿಡಿಯಾದವು, ಚೀಲ ದೊಪ್ಪನೆ ನೆಲಕ್ಕೆ ಬಿತ್ತು. ಎರಡನೆಯದೂ ಅಷ್ಟೇ. ಮೂರನೆಯದನ್ನು ಕೈಯಲ್ಲಿ ಎಳೆದು ನೋಡಿಯೇ ಕೆಳಗಿಟ್ಟರು.

ಬೀರುವನ್ನು ಯಾರೂ ಮುಟ್ಟಿರಲಿಲ್ಲ. ಬೀಗದ ಕೈ ರಾತ್ರಿಯಿಡೀ ನನ್ನ ಸೊಂಟದಲ್ಲೇ ಇತ್ತು.

ಇದನ್ನು ಕಟ್ಟಿದ್ದು ಯಾರು ಅಂತ ಅಂಗಡಿಯವರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಓರಗಿತ್ತಿ ಮುಂದೆ ಬಂದಳು.

"ಅದು ನಾನು ಕಟ್ಟಿದ್ದು. ಅಕ್ಕಂದು ಇಲ್ಲಿದೆ ನೋಡಿ."

ಮೊಳೆಯಿಂದ ನನ್ನ ಹೋದ ವಾರದ ಜೋಲಿಯೊಂದನ್ನು ತೆಗೆದುಕೊಟ್ಟಳು. ಹತ್ತು ಕಿಲೋ ಇಟ್ಟರೂ ಅದು ಜಪ್ಪಯ್ಯ ಅನ್ನಲಿಲ್ಲ. ಅಂಗಡಿಯವರು ಚೀಲವನ್ನು ಕೈಯಿಂದ ತೂಗಾಡಿಸಿ ನೋಡಿ, ಹಿರಿಯರ ಕೈಯೇ ಕೈ, ನಲವತ್ತೂ ನೀವೇ ಮಾಡಿಕೊಡಿ ಅಂದರು. ನಾನು ಹತ್ತಿರ ಹೋಗಿ ನೋಡಿದೆ. ತಳದ ಸುತ್ತು ಎಡಕ್ಕೇ ವಾಲಿತ್ತು. ಆದರೆ ಹೊಸಬರ ಸುತ್ತು ಅದು, ಅಲ್ಲಲ್ಲಿ ತಡವರಿಸಿತ್ತು. ಅವಳ ಎಡಗೈಯ ಪಟ್ಟಿಯ ಅಂಚಿನಲ್ಲಿ ದಾರ ಕೊಯ್ದ ಗೆರೆ ಕಾಣುತ್ತಿತ್ತು.

ಅಂಗಡಿಯವರಿಗೆ ಕೇಳದಂತೆ ಅವಳನ್ನು ಪಕ್ಕಕ್ಕೆ ಎಳೆದುಕೊಂಡೆ. "ಎಷ್ಟು ದಿನದಿಂದ?" ಅಂದೆ.

"ನಾಲ್ಕು ತಿಂಗಳಾಯ್ತು, ಅಕ್ಕ. ನಿಮ್ಮದೊಂದು ಅಂಗಡಿಯಿಂದ ವಾಪಸ್ ಬಂದಿತ್ತು. ನಂದು ಅಂದುಬಿಟ್ಟೆ. ಅವತ್ತಿಂದ ನಿಮ್ಮ ತಳದ ಗಂಟನ್ನ ಎಡಗೈಯಲ್ಲೇ ಮತ್ತೆ ಸುತ್ತಿಡ್ತಿದ್ದೆ, ಒಂದ್ಸಲ ಮಾತ್ರ ಮರೆತು ಬಲಗೈಯಲ್ಲಿ ಸುತ್ತಿಬಿಟ್ಟೆ."

"ನನಗೆ ಹೇಳೋಕೇನಾಗಿತ್ತು?"

"ಹೇಳಿದ್ರೆ ನೀವು ಕಟ್ಟೋದನ್ನೇ ಬಿಟ್ಟುಬಿಡ್ತಿದ್ರಿ."

ನಾಚಿಕೆಯಿಂದ ನನಗೆ ನೆಲ ನೋಡುವಂತಾಯಿತು. ಅಂಗಡಿಯವರು ಪೆನ್ನು ತೆಗೆದು ಚೀಟಿಯ ಮೇಲೆ ನನ್ನ ಹೆಸರು ಬರೆಯುತ್ತಿದ್ದರು. ಸುಮ್ಮನಿದ್ದರೆ ಜಾಗ ನನ್ನದೇ, ಅವಳಂತೂ ಬಾಯಿ ಬಿಡುವವಳಲ್ಲ.

"ಹೆಸರು ಹೊಡೆದುಹಾಕಿ," ಅಂದೆ. "ಬಿದ್ದವು ನನ್ನವು. ನಿಂತದ್ದು ಇವಳದು."

ಆಮೇಲೆ ಅವಳ ಕಡೆ ತಿರುಗಿದೆ. "ನಲವತ್ತನ್ನೂ ನೀನೇ ಕಟ್ಟು. ಬಲಗೈಯಲ್ಲೇ ಸುತ್ತು, ತಾಯಿ."