ಊಟ ಆಯ್ತು ಅಂದವರು

ಬಸ್ ನಿಲ್ದಾಣದ ಎದುರಿನ ಹಲ್ಲಿನ ಆಸ್ಪತ್ರೆಯಲ್ಲಿ ಆ ಬೆಳಿಗ್ಗೆ ತಲೆ ತಿರುಗಿ ಬಿದ್ದವನು ಅಂಥಿಂಥವನಲ್ಲ, ಕಂಡಕ್ಟರ್. ತುಂಬಿ ತುಳುಕುವ ಬಸ್ಸಿನಲ್ಲಿ ಒಂಟಿಕಾಲಲ್ಲಿ ನಿಂತು ಟಿಕೆಟ್ ಹರಿಯುವ ಆಳು. ಡಾಕ್ಟರು ಸೂಜಿ ಚುಚ್ಚಿ ಹಿಂದೆ ಸರಿಯುವಷ್ಟರಲ್ಲಿ ಕಣ್ಣು ಮೇಲೆ ಮಾಡಿ ಕುರ್ಚಿಯಲ್ಲೇ ಸೊಪ್ಪಾದ. ಕಾಲು ಮೇಲೆತ್ತಿ ಮಲಗಿಸಿ, ಎಚ್ಚರ ಬಂದ ಮೇಲೆ ಗ್ಲೂಕೋಸ್ ಕುಡಿಸಿದರು.

"ಊಟ ಆಯ್ತಾ ಅಂತ ಕೇಳಿದ್ಯೇನಮ್ಮಾ?" ಡಾಕ್ಟರು ನರ್ಸಿನ ಮೇಲೆ ಸಿಡುಕಿದರು.

"ಕೇಳ್ದೆ ಸಾರ್. ಆಯ್ತು ಅಂದ್ರು." ಕಾರ್ಡಿನಲ್ಲೂ ಬರೆದಿತ್ತು: ಊಟ ಆಗಿದೆ.

ಕೇಳಿ ಬರೆಯುವುದೇ ಅವಳ ಕೆಲಸ. ಬಿ.ಪಿ. ಇದೆಯಾ, ಶುಗರ್ ಇದೆಯಾ, ಯಾವ ಮಾತ್ರೆ ನುಂಗ್ತೀರಾ, ಯಾವ ಔಷಧಿ ಒಗ್ಗಲ್ಲ, ಊಟ ಆಯ್ತಾ. ಅದಕ್ಕೇ ಜನ ಅವಳಿಗೆ ಪ್ರಶ್ನೆ ಸಿಸ್ಟರ್ ಎಂದು ಹೆಸರಿಟ್ಟಿದ್ದರು. ಖಾಲಿ ಹೊಟ್ಟೆಯಲ್ಲಿ ಹಲ್ಲು ಕೀಳಿಸಲು ಕೂತರೆ ತಲೆ ಸುತ್ತುತ್ತದೆ. ಶುಗರ್ ಮಾತ್ರೆ ನುಂಗಿ ಉಪವಾಸ ಕೂತರಂತೂ ಜೀವಕ್ಕೇ ಸಂಚಕಾರ. ಆದರೆ ವಿಚಿತ್ರ ನೋಡಿ, ಇಲ್ಲ ಅಂದವರನ್ನು ಅವಳು ಏನಾದರೂ ತಿನ್ನಿಸಿ ಕೂರಿಸುತ್ತಿದ್ದಳು, ಅವರು ಗುಂಡುಕಲ್ಲಿನ ಹಾಗೆ ಎದ್ದು ಹೋಗುತ್ತಿದ್ದರು. ಬೀಳುತ್ತಿದ್ದವರೆಲ್ಲ ಆಯ್ತು ಅಂದವರೇ! ಊಟ ಬಲ್ಲವನಿಗೆ ರೋಗವಿಲ್ಲ ಅಂತಾರಲ್ಲ, ಇಲ್ಲಿ ಊಟ ಮಾಡಿದವನೇ ದೊಪ್ಪನೆ ಬೀಳುವುದೆಂದರೇನು? ಅವಳ ತಲೆಯಲ್ಲಿ ಹುಳ ಹೊಕ್ಕಿತು.

ಜೊತೆಗೆ ದಿಗಿಲೂ ಇತ್ತು. ಮಾರನೆಯ ದಿನ ಅದೇ ಕುರ್ಚಿಯಲ್ಲಿ ಕೂರಬೇಕಾದವಳು ಅವಳ ಅಕ್ಕ. ಶುಗರ್ ಇರುವವಳು. ಅಮ್ಮ ಹೋದ ಮೇಲೆ ಇವಳಿಗೆ ತುತ್ತಿಟ್ಟು ಬೆಳೆಸಿದವಳು.

ಗ್ಲೂಕೋಸ್ ಹೀರುತ್ತಿದ್ದ ಕಂಡಕ್ಟರನ ಪಕ್ಕ ಹೋಗಿ ಕೂತಳು. "ಅಣ್ಣಾ, ಬೆಳಿಗ್ಗೆ ಏನು ತಿಂದಿದ್ರಿ?"

"ಎಲ್ಲಿಂದ ತಿನ್ನೋದು ಸಿಸ್ಟರ್! ಮೊದಲನೇ ಟ್ರಿಪ್ಪು ಮುಗಿಸಿ ನೇರ ಬಂದೆ."

"ಮತ್ತೆ ಆಯ್ತು ಅಂದ್ರಲ್ಲ?"

ಕಂಡಕ್ಟರ್ ಪೆದ್ದಿಯನ್ನು ನೋಡುವ ಹಾಗೆ ನೋಡಿದ. "ಊಟ ಆಯ್ತಾ ಅಂದ್ರೆ ಇನ್ನೇನ್ ಅಂತಾರೆ? ಇಲ್ಲ ಅಂದ್ರೆ ನೀವು ಬಡಿಸ್ಬೇಕಾಗಲ್ವಾ, ಪಾಪ!"

ಅಯ್ಯೋ ದೇವರೇ! ಇವಳು ಕೇಳಿದ್ದು ಆಸ್ಪತ್ರೆಯ ಪ್ರಶ್ನೆ, ಜನ ಕೊಟ್ಟದ್ದು ಬೀದಿಯ ಮರ್ಯಾದೆ. ಪರೀಕ್ಷೆ ಮಾಡಿಯೇ ಬಿಡೋಣವೆಂದು ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಟೈಲರ್‌ನ ಕಡೆ ತಿರುಗಿದಳು.

"ಊಟ ಆಯ್ತಾ?"

"ಆಯ್ತು."

"ಏನು ತಿಂದ್ರಿ?"

ಟೈಲರ್ ನೋಯುವ ಕೆನ್ನೆ ಹಿಡಿದುಕೊಂಡ. "ಒಂದು... ಟೀ."

ಅವಳಿಗೆ ನಗು ತಡೆಯಲಾಗಲಿಲ್ಲ. ಕಾರ್ಡಿನಲ್ಲಿ ಹಳೆಯ ಪ್ರಶ್ನೆ ಹೊಡೆದುಹಾಕಿ ಹೊಸದು ಬರೆದಳು: ಏನು ತಿಂದಿರಿ, ಯಾವಾಗ?

ಮರುದಿನ ಅಕ್ಕ ಬಂದಳು. ಒಂದು ಕೆನ್ನೆ ಊದಿತ್ತು. ಡಾಕ್ಟರು ಕೈಗವಸು ಹಾಕಿಕೊಂಡು ಸಿದ್ಧರಾಗಿದ್ದರು.

"ಅಕ್ಕಾ, ಏನು ತಿಂದೆ?"

"ಆಯ್ತು ಕಣೆ," ಎಂದಳು ಅಕ್ಕ, ಸರಿಯಾಗಿ ಕೇಳಿಸಿಕೊಳ್ಳದೆಯೇ.

"ಆಯ್ತಾ ಅಂತ ಕೇಳ್ಲಿಲ್ಲ. ಏನು ತಿಂದೆ ಅಂದೆ."

ಅಕ್ಕ ಫ್ಯಾನಿನ ಕಡೆ ನೋಡಿದಳು. "ಮಾತ್ರೆ ತಗೊಂಡೆ."

"ಮಾತ್ರೆ ಊಟನಾ?"

"ಅಗಿಯೋಕಾಗಲ್ಲ ಕಣೆ. ವಾರದಿಂದ ಬರೀ ನೀರು ಮಜ್ಜಿಗೇಲೇ ಇದೀನಿ. ನಿನಗ್ಯಾಕೆ ಹೇಳಿ ತೊಂದ್ರೆ ಕೊಡೋದು ಅಂತ..."

ಆ ವಾರವೆಲ್ಲ ಇವಳು ದಿನಾ ಫೋನು ಮಾಡಿದ್ದಳು. ದಿನಾ ಊಟ ಆಯ್ತಾ ಅಂದಿದ್ದಳು. ಅಕ್ಕ ದಿನಾ ಆಯ್ತು ಅಂದಿದ್ದಳು, ಇವಳು ನಿಶ್ಚಿಂತೆಯಿಂದ ಫೋನು ಇಟ್ಟಿದ್ದಳು.

"ಬಾಯ್ಮುಚ್ಚು!" ಎಂದು ಗದರಿದಳು. "ಅಲ್ಲ, ಬಾಯಿ ಬಿಡು!"

ಬೆರಳಿಗೆ ಚುಚ್ಚಿ ನೋಡಿದರೆ ಸಕ್ಕರೆ ತಳ ಕಂಡಿತ್ತು. ಡಾಕ್ಟರು ಸೂಜಿ ಕೆಳಗಿಟ್ಟರು. ಇವಳು ಬಾಳೆಹಣ್ಣು ಕಿವುಚಿ, ಹಾಲು ಸಕ್ಕರೆ ಕಲಸಿ, ಚಮಚದಲ್ಲಿ ಅಕ್ಕನ ಬಾಯಿಗೆ ಇಡತೊಡಗಿದಳು. ಅಕ್ಕ ಮಗುವಿನ ಹಾಗೆ ನುಂಗಿದಳು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಕಳೆ ಬಂತು, ನಾಲಿಗೆಯೂ ಎದ್ದಿತು.

"ನಿಂದು ಊಟ ಆಯ್ತೇನೇ?"

"ಆಯ್ತು," ಎಂದುಬಿಟ್ಟಳು ಪ್ರಶ್ನೆ ಸಿಸ್ಟರ್, ಥಟ್ಟನೆ.

ಅಕ್ಕ ಅವಳ ಕೈಯಿಂದ ಚಮಚ ಕಿತ್ತುಕೊಂಡಳು. "ಏನು ತಿಂದೆ?"