ಪ್ಲಗ್ಗಿನೊಳಗಿನ ಹಸಿರು ತಂತಿ

ಆಸಿಲೋಸ್ಕೋಪ್ ಕೊಳ್ಳಬೇಕು, ಆರಿಸಲು ಜೊತೆಗೆ ಬನ್ನಿ ಎಂದು ತಮ್ಮನ ಮಗಳು ಕರೆದಾಗ ನಾನು ಮಂಡಿನೋವಿನ ನೆಪ ಹೇಳಿದೆ. ಅವಳು ಬಿಡಲಿಲ್ಲ. ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಆ ಯಂತ್ರದ ಮುಂದೆ ನಾನು ನಲವತ್ತು ವರ್ಷ ಕೂತವನು, ರೇಡಿಯೊ ರಿಪೇರಿಯವನು. ಮನೆಯಲ್ಲಿ ಅದನ್ನು ಬಲ್ಲ ಇನ್ನೊಬ್ಬನೆಂದರೆ ನನ್ನ ತಮ್ಮ. ಅವನು ಹೋಗಿ ಹನ್ನೊಂದು ತಿಂಗಳಾಗಿತ್ತು.

ಅಂಗಡಿ ಮುಚ್ಚಿದಾಗ ನನ್ನ ಹಳೆಯ ಆಸಿಲೋಸ್ಕೋಪನ್ನು ಅವನಿಗೆ ಕೊಟ್ಟಿದ್ದೆ. ಕೆಟ್ಟ ಟೀವಿಯೊಂದನ್ನು ಅದರಿಂದ ಪರೀಕ್ಷಿಸುತ್ತಿದ್ದಾಗ ಶಾಕ್ ಹೊಡೆದು ಸತ್ತ. ಬರಿಗಾಲಲ್ಲಿ ನಿಂತಿದ್ದ, ಅಜಾಗರೂಕ, ಎಂದು ಬಂದವರೆಲ್ಲ ಅಂದರು. ಚಪ್ಪಲಿ ಹಾಕಿಕೊಳ್ಳಿ ಎಂದು ಸಾವಿರ ಸಲ ಹೇಳಿದ್ದೆ ಎಂದು ಅವನ ಹೆಂಡತಿ ಇಂದಿಗೂ ಬೈಯುತ್ತಾಳೆ. ಸತ್ತವನ ಮೇಲಿನ ಸಿಟ್ಟಿನಲ್ಲಿ ಅವಳಿಗೆ ಅಳು ಕೂಡ ಬಂದಿಲ್ಲ.

ನಿಜ ಬಲ್ಲವನು ನಾನೊಬ್ಬನೇ. ಯಂತ್ರದಿಂದ ಬರುವ ಪರೀಕ್ಷೆಯ ತಂತಿ, ಅಂದರೆ ಪ್ರೋಬು; ಅದರ ಕಪ್ಪು ಕ್ಲಿಪ್ಪು ಟೀವಿಯೊಳಗಿನ ಕರೆಂಟಿನ ಭಾಗಕ್ಕೆ ತಗುಲಿದರೆ ಫ್ಯೂಸ್ ಹಾರಿಹೋಗುತ್ತಿತ್ತು. ಅದು ಕಿರಿಕಿರಿಯೆಂದು ನಾವು ಹಳೆಯ ರಿಪೇರಿಯವರು ಪ್ಲಗ್ಗನ್ನು ಬಿಚ್ಚಿ ಅರ್ಥಿಂಗಿನ ಹಸಿರು ತಂತಿಯನ್ನು ಕತ್ತರಿಸುತ್ತಿದ್ದೆವು. ಹೊರಗಿನಿಂದ ಮೂರೂ ಪಿನ್ನು ಸರಿಯಾಗಿಯೇ ಕಾಣುತ್ತವೆ. ಆಮೇಲೆ ಫ್ಯೂಸ್ ಹಾರುವುದಿಲ್ಲ, ಆದರೆ ಕರೆಂಟು ಯಂತ್ರದ ಮೈಗೇ ಬಂದು ಕೂರುತ್ತದೆ. ತಂತಿ ಕತ್ತರಿಸಿದ ಮೇಲಿನ ಮೂವತ್ತು ವರ್ಷ, ಎರಡೂ ಕೈ ತಗುಲಿ ಕರೆಂಟು ಎದೆಯ ಮೂಲಕ ಹಾಯದಿರಲೆಂದು, ನಾನು ಎಡಗೈಯನ್ನು ಜೇಬಿನಲ್ಲಿಟ್ಟುಕೊಂಡೇ ಕೆಲಸ ಮಾಡಿದೆ. ತಮ್ಮನಿಗೆ ಕೊಡುವಾಗ ಯಾವ ಗುಂಡಿ ಬಿಗಿ, ಯಾವುದು ಸಡಿಲ ಎಂದೆಲ್ಲ ಹೇಳಿದೆ. ಇದೊಂದನ್ನು ಮರೆತೆ.

ದಿನವೂ ಬೆಳಿಗ್ಗೆ ಇದನ್ನು ದೇವರ ಮುಂದೆ ಒಪ್ಪಿಕೊಳ್ಳುತ್ತಿದ್ದೆ. ಅಲ್ಲಿ ಒಪ್ಪಿಕೊಳ್ಳುವುದು ಸುಲಭ. ಆತ ಯಾರ ಹತ್ತಿರವೂ ಚಾಡಿ ಹೇಳುವವನಲ್ಲ.

ಅಂಗಡಿ ಕಡಿದಾದ ಮೆಟ್ಟಿಲ ಮೇಲಿತ್ತು. ಅಂಗಡಿಯವನು ಮೂರು ಬಗೆ ತೋರಿಸಿದ. ಒಂದು ಅಂಗೈಯಗಲದ್ದು, ಬ್ಯಾಟರಿಯಲ್ಲಿ ನಡೆಯುವಂಥದು. ಇನ್ನೊಂದಕ್ಕೆ ಪರದೆಯೇ ಇಲ್ಲ, ಕಂಪ್ಯೂಟರಿಗೆ ಜೋಡಿಸಬೇಕು. ಮೂರನೆಯದು ಮೇಜಿನ ಮೇಲಿಡುವ ಎರಡು ಚಾನೆಲ್ಲಿನದು, ಗೋಡೆಯ ಕರೆಂಟಿನದು. ಮಗಳ ಕಣ್ಣು ಅದರ ಮೇಲೆಯೇ ಇತ್ತು. ಸರ್ಕ್ಯೂಟಿಗೆ ಒಳಹೋಗುವುದನ್ನೂ ಹೊರಬರುವುದನ್ನೂ ಒಟ್ಟಿಗೆ ನೋಡಬಹುದು ಎಂದಳು. ನಾನು ಬ್ಯಾಟರಿಯದನ್ನೇ ಹಿಡಿದು ಇದೇ ಸಾಕು ಎಂದು ಹಟಕ್ಕೆ ಬಿದ್ದೆ.

"ದೊಡ್ಡಪ್ಪ, ಇದು ಆಟದ ಸಾಮಾನು. ಒಂದೇ ಚಾನೆಲ್ಲು, ಸ್ವಲ್ಪ ಜೋರಾಗಿ ಓಡೋದೇನೂ ಇದಕ್ಕೆ ಕಾಣಲ್ಲ. ನನ್ನ ಜಾಗದಲ್ಲಿ ನೀವಿದ್ರೆ ತಗೋತಿದ್ರಾ?"

ತೆಗೆದುಕೊಳ್ಳುತ್ತಿರಲಿಲ್ಲ. ಅಂಗಡಿಯವನು ನಗುತ್ತ ದೊಡ್ಡದನ್ನು ನನ್ನತ್ತ ಸರಿಸಿದ.

"ಕಚ್ಚಲ್ಲ ಯಜಮಾನ್ರೇ, ಮುಟ್ಟಿ ನೋಡಿ."

ನನ್ನ ಕೈ ಮುಂದೆ ಹೋಗಲಿಲ್ಲ. ಸ್ಕ್ರೂ ಡ್ರೈವರ್ ಕೇಳಿದೆ. ಈಗಿನ ಪ್ಲಗ್ಗು ಒಂದೇ ಅಚ್ಚಿನದು, ಬಿಚ್ಚಲು ಬರುವುದಿಲ್ಲ ಎಂದ. ಹಾಗಾದರೆ ಮೀಟರಾದರೂ ಕೊಡಿ ಎಂದೆ. ಒಂದು ಮೊನೆಯನ್ನು ಅರ್ಥಿಂಗಿನ ಪಿನ್ನಿಗೂ ಇನ್ನೊಂದನ್ನು ಪ್ರೋಬ್ ಸಿಕ್ಕಿಸುವ ಲೋಹದ ಬಾಯಿಗೂ ಮುಟ್ಟಿಸಿದೆ. ಮೀಟರು ಕೂಗಿತು; ಒಳಗಿನ ತಂತಿ ತುಂಡಾಗಿರಲಿಲ್ಲ. ನಂಬಿಕೆ ಬಾರದೆ ಮತ್ತೆ ಮುಟ್ಟಿಸಿದೆ. ಮೂರನೆಯ ಸಲ ಮುಟ್ಟಿಸುವುದನ್ನು ಮಗಳು ನೋಡಿದಳು. ಏನು ಹುಡುಕುತ್ತಿದ್ದೀರಿ ಎಂದು ಮೆಲ್ಲಗೆ ಕೇಳಿದಳು.

ಎಲ್ಲವನ್ನೂ ಹೇಳಿದೆ. ಅಂಗಡಿಯವನು ಎದ್ದು ಒಳಗೆ ಹೋದ.

"ಅಪ್ಪ ಪ್ಲಗ್ ಬಿಚ್ಚಿ ನೋಡಿರಲಿಲ್ವಾ?" ಎಂದಳು.

"ಯಾಕೆ ಬಿಚ್ತಾನಮ್ಮ? ಅದು ಅಣ್ಣನ ಕೈಯಿಂದ ಬಂದದ್ದು."

ಅವಳು ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಬೈದಿದ್ದರೆ ಹಗುರಾಗುತ್ತಿತ್ತೇನೋ. ಎರಡು ಚಾನೆಲ್ಲಿನದನ್ನೇ ಕಟ್ಟಿಸಿಕೊಂಡಳು. ಮೆಟ್ಟಿಲಿಳಿಯುವಾಗ ಪೆಟ್ಟಿಗೆ ಹಿಡಿಯಲು ಕೈ ಚಾಚಿದೆ, ಕೊಡಲಿಲ್ಲ.

"ಅಮ್ಮ ಇವತ್ತು ಬೆಳಿಗ್ಗೇನೂ ಅಪ್ಪನ್ನ ಬೈತಿದ್ಲು," ಎಂದಳು ಬೀದಿಯಲ್ಲಿ. "ನಾನು ಹೇಳಲ್ಲ. ನೀವೇ ಹೇಳ್ಬೇಕು. ಈಗಲೇ."

ದಾರಿಯುದ್ದಕ್ಕೂ ಅವಳು ಎರಡು ಹೆಜ್ಜೆ ಮುಂದೆಯೇ ನಡೆದಳು. ದೇವರೇ, ನಾಲಿಗೆ ಸೋಲದಿರಲಿ ಎಂದಷ್ಟೇ ಬೇಡಿಕೊಂಡು ಹಿಂದೆ ನಡೆದೆ.

ತಮ್ಮನ ಹೆಂಡತಿ ಒದ್ದೆ ಕೈಯಲ್ಲೇ ಬಾಗಿಲು ತೆರೆದು, ಕೂತ್ಕೊಳ್ಳಿ ಭಾವ ಎಂದು ಕುರ್ಚಿ ಎಳೆದಳು. ನಾನು ಕೂರಲಿಲ್ಲ.

"ಅವನ ತಪ್ಪೇನೂ ಇರಲಿಲ್ಲಮ್ಮ," ಎಂದೆ.

ಅವಳ ಮುಖ ಬದಲಾಯಿತು. ಹಿಂದೆ ಬಾಗಿಲ ಬಳಿ ಮಗಳು ಪೆಟ್ಟಿಗೆಯನ್ನು ಎದೆಗವಚಿಕೊಂಡು ನಿಂತಿದ್ದಳು, ನಾನು ಮುಗಿಸುವವರೆಗೆ ದಾರಿ ಬಿಡುವವಳಲ್ಲ ಎಂಬಂತೆ.